ಬಂಡೆಯ ನಾಡು, ಗಾಜಿನ ಕಾಲುವೆ: ತಪ್ಪು ಕಲ್ಪನೆ ಮತ್ತು ವಾಸ್ತವ

ರಾಮನಗರ, ಮಾಗಡಿ, ಕನಕಪುರದ ಕಡೆಯವರಾದ ನಮಗೆ ಕಲ್ಲಿನ ವಿಚಾರದಲ್ಲಿ ಸ್ವಲ್ಪ ಗತ್ತು ಜಾಸ್ತಿ. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್ ನಮ್ಮ ಹಿತ್ತಲಿನ ಬಂಡೆ. ರಾಮನಗರದ ಹಳೆಯ ಹೆಸರೇ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಕಲ್ಲಿಗೆ ನಿಂತಿದೆ. ಸಾವನದುರ್ಗದ ಬುಡದಲ್ಲಿ ಪಟ ತೆಗೆಸಿಕೊಂಡವರು, ರಾಮದೇವರ ಬೆಟ್ಟದಲ್ಲಿ ‘ಶೋಲೆ’ ಸಿನಿಮಾ ತೆಗೆದ ಜಾಗಗಳನ್ನು ನೆಂಟರಿಗೆ ತೋರಿಸಿದವರು, ಕಲ್ಲು ಸೀಳುವ ಸದ್ದು ಕೇಳುತ್ತಲೇ ಶಾಲೆಗೆ ಹೋದವರು ನಾವು. ಗಟ್ಟಿ ವಸ್ತುವನ್ನು ಕಡಿಯುವುದು ಹೇಗೆಂದು ಬೇರೆಯವರಿಂದ ಕಲಿಯಬೇಕೆ?

ಕಲಿಯಬೇಕು ಎಂಬುದು ತಿಳಿಯುವುದು ಗಾಜಿನ ಮೈಕ್ರೋಫ್ಲೂಯಿಡಿಕ್ ಚಿಪ್ಪಿನ ಮಾತು ಬಂದಾಗ. ಬೆರಳಗಲದ ಗಾಜಿನ ಅಥವಾ ಸಿಲಿಕಾನ್ ಬಿಲ್ಲೆ, ಅದರೊಳಗೆ ಕಣ್ಣಿಗೆ ಗೆರೆಯಂತೆ ಕಾಣುವ ಕಾಲುವೆಗಳು, ಅವುಗಳಲ್ಲಿ ಹರಿಯುವ ಒಂದು ಹನಿ ರಕ್ತ ಅಥವಾ ರಾಸಾಯನಿಕ. ಇಡೀ ಪ್ರಯೋಗಾಲಯದ ಕೆಲಸ ಆ ಬಿಲ್ಲೆಯ ಮೇಲೆ ನಡೆಯುತ್ತದೆ. ಕಾಲುವೆಯ ಅಗಲ ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ರೇಷ್ಮೆಗೂಡಿನಿಂದ ಬಿಚ್ಚಿದ ಒಂಟಿ ಎಳೆ ಸುಮಾರು 20 ಮೈಕ್ರಾನ್ ದಪ್ಪ. ಅಂಥ ಮೂರ್ನಾಲ್ಕು ಎಳೆಗಳನ್ನು ಒತ್ತೊತ್ತಾಗಿ ಮಲಗಿಸಿದರೆ ಕಿರಿದಾದ ಕಾಲುವೆ ತುಂಬಿಹೋಯಿತು. ಸಿಲಿಕಾನ್ ಬಿಲ್ಲೆಯ ಮೇಲೆ ಇಂಥ ಕಾಲುವೆ ತೋಡಿ ಅನಿಲಗಳನ್ನು ಬೇರ್ಪಡಿಸುವ ಉಪಕರಣವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1979ರಲ್ಲೇ ಪ್ರಕಟಿಸಿದ್ದರು. ಇಂದು ಆ ಕೆಲಸ ನಮ್ಮಿಂದ ಐವತ್ತು ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ.

ಆದರೆ ಇದರ ಬಗ್ಗೆ ಕಾಲೇಜು ಹುಡುಗರ ನಡುವೆ, ಕಲ್ಲಿನ ಕಾರ್ಖಾನೆಗಳಲ್ಲಿ, ಗುಡಿಯ ಜಗುಲಿಯಲ್ಲಿ ಓಡಾಡುವ ಮಾತುಗಳಲ್ಲಿ ಅರ್ಧ ಸತ್ಯ, ಅರ್ಧ ಊಹೆ. ಒಂದು ಕಾಲಕ್ಕೆ ನಾವೂ ನಂಬಿದ್ದ ಮಾತುಗಳೇ ಇವು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ವಸ್ತು ಗಟ್ಟಿಯಾದಷ್ಟೂ ಒಡೆಯುವುದು ಕಷ್ಟ. ವಜ್ರ ಎಲ್ಲಕ್ಕಿಂತ ಗಟ್ಟಿ, ಹಾಗಾಗಿ ಅದು ಸುತ್ತಿಗೆಗೂ ಜಗ್ಗುವುದಿಲ್ಲ.

ವಾಸ್ತವ: ಗಟ್ಟಿತನ ಬೇರೆ, ತಾಳಿಕೆ ಬೇರೆ. ಗೀರು ಬೀಳದಿರುವುದು ಗಟ್ಟಿತನ. ಬಿರುಕು ಬಿಟ್ಟರೂ ಅದನ್ನು ಮುಂದಕ್ಕೆ ಓಡಲು ಬಿಡದಿರುವುದು ತಾಳಿಕೆ. ಗಾಜಿನ ಚೂರಿನಿಂದ ಮೆದು ಕಬ್ಬಿಣದ ಮೇಲೆ ಗೀರು ಎಳೆಯಬಹುದು. ಎರಡನ್ನೂ ನೆಲಕ್ಕೆ ಬೀಳಿಸಿದರೆ ಒಡೆಯುವುದು ಗಾಜು. ವಜ್ರವೂ ಸರಿಯಾದ ದಿಕ್ಕಿನಲ್ಲಿ ಬಿದ್ದ ಒಂದು ಏಟಿಗೆ ಸೀಳಿಹೋಗುತ್ತದೆ. ವಜ್ರ ಕೆತ್ತುವವರು ತಲೆಮಾರುಗಳಿಂದ ಆ ಗುಣವನ್ನು ನೆಚ್ಚಿಯೇ ಕೆಲಸ ಮಾಡಿದ್ದಾರೆ. ಗಾಜು, ಗ್ರಾನೈಟ್, ಸಿಲಿಕಾನ್, ಪಿಂಗಾಣಿ ಎಲ್ಲವೂ ಇದೇ ಜಾತಿಗೆ ಸೇರಿದವು: ಗಟ್ಟಿ, ಆದರೆ ಪೆಡಸು.

ಏಕೆ ಹೀಗೆ ಎಂಬುದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. ಗಾಜಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಸದಾ ಇರುತ್ತವೆ, ಬಲವೆಲ್ಲ ಅವುಗಳ ತುದಿಯಲ್ಲಿ ಗುಂಪುಗೂಡುತ್ತದೆ, ಒಂದು ಮಿತಿ ದಾಟಿದ ಬಿರುಕು ಹಿಡಿತ ತಪ್ಪಿ ಓಡುತ್ತದೆ ಎಂದು ಅವರು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಕಬ್ಬಿಣದಲ್ಲಿ ಬಿರುಕಿನ ತುದಿ ಮೊದಲು ಬಾಗುತ್ತದೆ, ಮೊಂಡಾಗುತ್ತದೆ. ಗಾಜಿಗೆ ಬಾಗುವುದು ಗೊತ್ತಿಲ್ಲ.

ಇದನ್ನು ಪುಸ್ತಕವಿಲ್ಲದೆ ತಿಳಿದವರು ನಮ್ಮ ಕಲ್ಲುಕುಟಿಗರು. ಬಂಡೆಯ ಮೇಲೆ ದಾರ ಹಿಡಿದು ಗೆರೆ ಹಾಕುತ್ತಾರೆ. ಗೆರೆಯುದ್ದಕ್ಕೂ ಗೇಣಿಗೊಂದರಂತೆ ಸಣ್ಣ ಕುಳಿ ಹೊಡೆಯುತ್ತಾರೆ. ಕುಳಿಗೊಂದು ಕಬ್ಬಿಣದ ಬೆಣೆ. ಆಮೇಲೆ ಈ ತುದಿಯಿಂದ ಆ ತುದಿಗೆ ಪ್ರತಿ ಬೆಣೆಗೂ ಒಂದೊಂದೇ ಏಟು. ಯಾವುದಕ್ಕೂ ಹೆಚ್ಚಿಲ್ಲ, ಯಾವುದಕ್ಕೂ ಕಮ್ಮಿಯಿಲ್ಲ. ಸುತ್ತು ಸುತ್ತಿದಂತೆ ಬೆಣೆಯ ಸದ್ದು ಬದಲಾಗುತ್ತದೆ. ಅನುಭವಸ್ಥ ಅಲ್ಲಿ ಕೈ ತಡೆದು ಕಾಯುತ್ತಾನೆ. ಕುಳಿಯಿಂದ ಕುಳಿಗೆ ಕೂದಲೆಳೆಯ ಗೆರೆ ತಾನಾಗಿ ಓಡಿ ಬಂಡೆ ಎರಡು ಹೋಳಾಗುತ್ತದೆ. ಆತ ಕಲ್ಲನ್ನು ಕತ್ತರಿಸಲಿಲ್ಲ, ಬಿರುಕಿಗೆ ದಾರಿ ತೋರಿಸಿದ. ಕಿಟಕಿ ಗಾಜಿನ ಅಂಗಡಿಯವನು ಮಾಡುವುದೂ ಅದನ್ನೇ: ಸಣ್ಣ ಚಕ್ರದಿಂದ ಗೀರೆಳೆದು ಎರಡೂ ಕಡೆ ಹಿಡಿದು ಲಟಕ್ಕನೆ ಮುರಿಯುತ್ತಾನೆ.

ಕಾಲುವೆ ತೋಡುವವರ ಕಷ್ಟ ಇದರ ತಿರುಗುಮುರುಗು. ಅವರಿಗೆ ಬಿರುಕು ಓಡಲೇಬಾರದು. ಮುಂದಿನ ಎಲ್ಲ ವಿಧಾನಗಳೂ ಈ ಒಂದು ತೊಡಕಿಗೆ ಹುಡುಕಿದ ಬೇರೆ ಬೇರೆ ಉಪಾಯಗಳು.

ತಪ್ಪು ಕಲ್ಪನೆ: ಕಲ್ಲಿನಲ್ಲಿ ಗಂಡು, ಹೆಣ್ಣು, ನಪುಂಸಕ ಎಂದು ಮೂರು ಜಾತಿ. ತಟ್ಟಿದಾಗ ಬರುವ ನಾದವೇ ಅದರ ಜೀವ. ನಾದವಿಲ್ಲದ ಕಲ್ಲು ದೇವರಿಗೆ ಸಲ್ಲದು.

ವಾಸ್ತವ: ಲಿಂಗದ ಮಾತು ಶಿಲ್ಪಶಾಸ್ತ್ರದ ವರ್ಗೀಕರಣ, ಅದನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆಗೆ ಬಿಟ್ಟದ್ದು. ಆದರೆ ತಟ್ಟಿ ನೋಡುವ ಪರೀಕ್ಷೆ ಅಪ್ಪಟ ವಿಜ್ಞಾನ. ಒಳಬಿರುಕಿಲ್ಲದ ಕಲ್ಲಿನಲ್ಲಿ ಕಂಪನ ತಡೆಯಿಲ್ಲದೆ ಓಡಾಡುತ್ತದೆ, ಗಂಟೆಯಂತೆ ನಾದ ಬರುತ್ತದೆ. ಬಿರುಕುಗಳಿದ್ದರೆ ಅವುಗಳ ಅಂಚು ಒಂದಕ್ಕೊಂದು ಉಜ್ಜಿ ಕಂಪನವನ್ನು ತಿಂದುಹಾಕುತ್ತವೆ, ದಡ್ಡೆಂದು ಸದ್ದು ಬರುತ್ತದೆ. ನಾದವಿಲ್ಲದ ಕಲ್ಲಿನಲ್ಲಿ ವಿಗ್ರಹ ಕೆತ್ತಿದರೆ ಮೂಗು ತಿದ್ದುವಾಗ ಮುಖವೇ ಸೀಳಿ ಬಂದೀತು. ಶಿಲ್ಪಿ ಅದನ್ನು ಬೇಡವೆಂದದ್ದು ಸರಿಯೇ. ಇದನ್ನು ಮೂಢನಂಬಿಕೆಯೆಂದು ನಗುವವರಿಗೆ ಒಂದು ಮಾತು: ಸೌರಫಲಕಕ್ಕೆ ಬಳಸುವ ಸಿಲಿಕಾನ್ ಬಿಲ್ಲೆಗಳಲ್ಲಿ ಅಡಗಿದ ಬಿರುಕು ಹುಡುಕಲು ಅವನ್ನು ಅದುರಿಸಿ ಅವುಗಳ ಸ್ವರ ಅಳೆಯುವ ಯಂತ್ರಗಳು ಇವೆ. ಪರೀಕ್ಷೆ ಅದೇ, ಕಿವಿ ಮಾತ್ರ ಬೇರೆ.

ತಪ್ಪು ಕಲ್ಪನೆ: ಗಟ್ಟಿ ವಸ್ತುವನ್ನು ಕೊರೆಯಲು ಅದಕ್ಕಿಂತ ಗಟ್ಟಿಯಾದ ಉಪಕರಣವೇ ಬೇಕು.

ವಾಸ್ತವ: ಉಪಕರಣ ಮೆದುವಾಗಿದ್ದರೂ ನಡೆಯುತ್ತದೆ, ಕೆಲವು ಕಡೆ ಮೆದುವಾಗಿದ್ದರೇ ಒಳ್ಳೆಯದು. ಗಟ್ಟಿಯಿರಬೇಕಾದ್ದು ನಡುವಿನ ಪುಡಿ. ಅಲ್ಟ್ರಾಸಾನಿಕ್ ವಿಧಾನದಲ್ಲಿ ಮೆದು ಉಕ್ಕಿನ ಅಥವಾ ಹಿತ್ತಾಳೆಯ ತುದಿಯೊಂದು ಸೆಕೆಂಡಿಗೆ ಸುಮಾರು 20,000 ಬಾರಿ, ಒಮ್ಮೆಗೆ ಕೆಲವೇ ಮೈಕ್ರಾನ್‌ಗಳಷ್ಟು ಮೇಲೆ ಕೆಳಗೆ ಅದುರುತ್ತದೆ. ಅದಕ್ಕೂ ಗಾಜಿಗೂ ನಡುವೆ ನೀರಿನಲ್ಲಿ ಕಲಸಿದ ಬೋರಾನ್ ಕಾರ್ಬೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಪುಡಿ. ಪ್ರತಿ ಅದುರಿಗೂ ಪುಡಿಯ ಕಣಗಳು ಗಾಜಿಗೆ ಬಡಿದು ಒಂದೊಂದು ಚಕ್ಕೆ ಎಬ್ಬಿಸುತ್ತವೆ. ಬಿರುಕು ಹುಟ್ಟುತ್ತದೆ, ಆದರೆ ಕಣದ ಗಾತ್ರ ಸಣ್ಣದಾದ್ದರಿಂದ ಅಲ್ಲೇ ಸಾಯುತ್ತದೆ. ಹಿತ್ತಾಳೆ ತುದಿಗೆ ಯಾವ ಆಕಾರ ಕೊಟ್ಟಿರೋ ಆ ಆಕಾರವೇ ಗಾಜಿನಲ್ಲಿ ಇಳಿಯುತ್ತದೆ.

ಇನ್ನೂ ವಿಚಿತ್ರವಾದದ್ದು ಪುಡಿ ಎರಚುವ ವಿಧಾನ. ಸುಮಾರು 30 ಮೈಕ್ರಾನಿನ ಅಲ್ಯುಮಿನಾ ಕಣಗಳನ್ನು ಗಾಳಿಯ ಒತ್ತಡದಲ್ಲಿ ಗಾಜಿನ ಮೇಲೆ ರಭಸವಾಗಿ ಎರಚುತ್ತಾರೆ. ಕಾಲುವೆ ಬೇಕಾದಲ್ಲಿ ಬಿಟ್ಟು ಉಳಿದೆಡೆ ಮುಸುಕು ಹಾಕುತ್ತಾರೆ. ಆ ಮುಸುಕು ಯಾವುದರದ್ದು? ರಬ್ಬರಿನಂಥ ಮೆದು ವಸ್ತುವಿನದು. ಕಣ ಬಡಿದಾಗ ಗಾಜು ಚಕ್ಕೆ ಏಳುತ್ತದೆ, ರಬ್ಬರು ತಗ್ಗಿ ಮತ್ತೆ ಏಳುತ್ತದೆ. ಗಟ್ಟಿಯದು ಸವೆಯಿತು, ಮೆದುವಾದದ್ದು ಉಳಿಯಿತು. ಮಂತ್ರಿಗಳ ಹೆಸರಿರುವ ಶಂಕುಸ್ಥಾಪನೆ ಕಲ್ಲುಗಳನ್ನು, ಸಮಾಧಿ ಕಲ್ಲುಗಳನ್ನು ಯಂತ್ರದಿಂದ ಕೊರೆಸುವ ಕಡೆ ಇದೇ ಕೆಲಸ ದೊಡ್ಡ ಅಳತೆಯಲ್ಲಿ ನಡೆಯುತ್ತದೆ: ಅಕ್ಷರ ಕತ್ತರಿಸಿದ ರಬ್ಬರು ಹಾಳೆ ಅಂಟಿಸಿ ಮರಳು ಎರಚುತ್ತಾರೆ. ಇದರ ದೋಷವನ್ನೂ ಹೇಳಬೇಕು. ಕಾಲುವೆಯ ಗೋಡೆ ನೇರ ನಿಲ್ಲುವುದಿಲ್ಲ, ಕೆಳಗೆ ಕಿರಿದಾಗುತ್ತ ಹೋಗುತ್ತದೆ. ಒಳಮೈ ಮಬ್ಬಾಗಿ, ಒರಟಾಗಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ರಕ್ತಕಣ ಎಣಿಸಬೇಕಾದ ಚಿಪ್ಪಿಗೆ ಇದು ಆಗದು.

ಕಲ್ಲುಗಣಿಯಲ್ಲಿ ವಜ್ರದ ವೈರ್ ಬಂದ ಮೇಲೆ ಎಲ್ಲರೂ ಹೇಳುವುದು ವಜ್ರ ಕಲ್ಲನ್ನು ಕತ್ತರಿಸುತ್ತದೆ ಎಂದು. ಅಲ್ಲೂ ನಡೆಯುವುದು ಉಜ್ಜಾಟವೇ. ಲೋಹದ ಮಣಿಗಳಲ್ಲಿ ಹುದುಗಿದ ವಜ್ರದ ಹರಳುಗಳು ಗ್ರಾನೈಟನ್ನು ಪುಡಿಪುಡಿಯಾಗಿ ಕೆರೆದು ತೆಗೆಯುತ್ತವೆ. ಸಿಲಿಕಾನ್ ದಿಂಡನ್ನು ಬಿಲ್ಲೆಗಳಾಗಿ ಸೀಳುವುದೂ ವಜ್ರದ ಹರಳು ಅಂಟಿಸಿದ ತಂತಿಯಿಂದಲೇ, ಆದರೆ ಆ ತಂತಿ ಕೂದಲಿನಷ್ಟು ತೆಳು.

ತಪ್ಪು ಕಲ್ಪನೆ: ದೊಡ್ಡ ಡ್ರಿಲ್ಲಿನಿಂದ ದೊಡ್ಡ ತೂತು, ಸಣ್ಣ ಡ್ರಿಲ್ಲಿನಿಂದ ಸಣ್ಣ ತೂತು. ಬಿಟ್ಟನ್ನು ಚಿಕ್ಕದು ಮಾಡಿದರೆ ಕೆಲಸ ಆಯಿತು.

ವಾಸ್ತವ: ಲೋಹದಲ್ಲಿ, ಮರದಲ್ಲಿ ಈ ಮಾತು ಸ್ವಲ್ಪ ದೂರ ನಡೆಯುತ್ತದೆ. ಚನ್ನಪಟ್ಟಣದ ಲೇತಿನ ಮುಂದೆ ಕೂತವರ ಕೈ ನೋಡಿ. ತಿರುಗುವ ಆಲೆಮರಕ್ಕೆ ಉಳಿ ತಾಗಿಸಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಏಳುತ್ತದೆ. ಮರ ಬಾಗುತ್ತದೆ, ಹರಿಯುತ್ತದೆ, ಹೇಳಿದಂತೆ ಕೇಳುತ್ತದೆ. ಅದೇ ಉಳಿಯನ್ನು ತಿರುಗುವ ಗಾಜಿಗೆ ತಾಗಿಸಿದರೆ ಸುರುಳಿ ಬರುವುದಿಲ್ಲ, ಚೂರು ಸಿಡಿಯುತ್ತದೆ. ಸಣ್ಣ ಬಿಟ್ಟಿಗೆ ಬೇರೆ ತಾಪತ್ರಯವೂ ಇದೆ. ಯಂತ್ರದಲ್ಲಿ ಕೆಲವೇ ಮೈಕ್ರಾನ್ ಅಲುಗಾಟವಿದ್ದರೂ 100 ಮೈಕ್ರಾನಿನ ಬಿಟ್ಟಿಗೆ ಅದು ದೊಡ್ಡ ಓಲಾಟ, ಮುರಿಯುವುದು ಬಿಟ್ಟೇ.

ಆದರೆ ಇಲ್ಲೊಂದು ಬೆರಗಿನ ವಿಷಯವಿದೆ, ನಮಗೂ ಇದು ಬಹಳ ದಿನ ನಂಬಿಕೆ ಬಂದಿರಲಿಲ್ಲ. ಒಂದು ಸಲಕ್ಕೆ ತೆಗೆಯುವ ಪದರ ಒಂದು ಮೈಕ್ರಾನಿಗಿಂತಲೂ ತೆಳುವಾಗಿದ್ದರೆ ಗಾಜು ಕೂಡ ಲೋಹದಂತೆ ಸುರುಳಿಯಾಗಿ ಏಳುತ್ತದೆ! ಅಷ್ಟು ತೆಳುವಾದ ಪದರದಲ್ಲಿ ಬಿರುಕು ಹುಟ್ಟಲು ಬೇಕಾದ ಶಕ್ತಿಯೇ ಕೂಡುವುದಿಲ್ಲ. ಬಿರುಕಿಗೆ ಎಡೆಯಿಲ್ಲದ ಕಡೆ ವಸ್ತು ಬೇರೆ ದಾರಿಯಿಲ್ಲದೆ ಹರಿಯುತ್ತದೆ. ವಜ್ರದ ಮೊನೆಯ ಸಣ್ಣ ಕಟರ್‌ಗಳಿಂದ ಹೀಗೆ ಪದರ ಪದರವಾಗಿ ಕಾಲುವೆ ತೋಡುವವರಿದ್ದಾರೆ. ಗೋಡೆ ನಯವಾಗಿ ಬರುತ್ತದೆ. ಹೊತ್ತು ಹಿಡಿಯುತ್ತದೆ, ಯಂತ್ರ ದುಬಾರಿ, ಮೊನೆ ಬೇಗ ಸವೆಯುತ್ತದೆ. ನೂರು ಚಿಪ್ಪಿಗೆ ಸರಿ, ಲಕ್ಷ ಚಿಪ್ಪಿಗೆ ಸರಿಯಲ್ಲ.

ಅಂದ ಹಾಗೆ, ಇಂಥ ಯಂತ್ರ ಅಲುಗದೆ ನಿಲ್ಲಲು ಅಡಿಯಲ್ಲಿ ಇಡುವುದು ಏನನ್ನು? ಗ್ರಾನೈಟಿನ ಮೇಜನ್ನು. ಕಲ್ಲು ತುಕ್ಕು ಹಿಡಿಯದು, ಬಿಸಿಗೆ ಹೆಚ್ಚು ಹಿಗ್ಗದು, ಅದುರನ್ನು ನುಂಗುತ್ತದೆ. ಮಾರುಕಟ್ಟೆಯಲ್ಲಿ ಕಪ್ಪು ಗ್ರಾನೈಟ್ ಎಂದು ಕರೆಯುವ ಕಲ್ಲು ಇದಕ್ಕೆ ಅಚ್ಚುಮೆಚ್ಚು. ಭೂವಿಜ್ಞಾನಿಗಳು ಅದನ್ನು ಗ್ರಾನೈಟ್ ಎನ್ನದೆ ಡಾಲರೈಟ್ ಗುಂಪಿಗೆ ಸೇರಿಸುತ್ತಾರೆ.

ತಪ್ಪು ಕಲ್ಪನೆ: ಲೇಸರ್ ಇದ್ದರೆ ಮುಗಿಯಿತು. ಬೆಣ್ಣೆಗೆ ಬಿಸಿ ಚಾಕು ಹಾಕಿದಂತೆ ಯಾವ ಗಾಜನ್ನಾದರೂ ಕೊರೆಯಬಹುದು.

ವಾಸ್ತವ: ಯಾವ ಲೇಸರ್ ಎಂದು ಮೊದಲು ಕೇಳಬೇಕು. ಕಣ್ಣಿಗೆ ಕಾಣುವ ಬೆಳಕಿನ ಲೇಸರ್ ಗಾಜಿನ ಮೂಲಕ ಸುಮ್ಮನೆ ದಾಟಿಹೋಗುತ್ತದೆ. ಗಾಜು ಪಾರದರ್ಶಕ ಎಂಬುದರ ಅರ್ಥವೇ ಅದು. ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣವನ್ನು ಗಾಜು ಹೀರಿಕೊಳ್ಳುತ್ತದೆ; ಹೀರಿಕೊಂಡು ಕಾಯುತ್ತದೆ, ಕರಗುತ್ತದೆ, ತಣಿಯುವಾಗ ಅಂಚಿನಲ್ಲಿ ಬಿರುಕು ಬಿಡುತ್ತದೆ. ಬಿಸಿ ಲೋಟಕ್ಕೆ ತಣ್ಣೀರು ಸುರಿದವರಿಗೆ ಈ ಸಂಗತಿ ಗೊತ್ತು.

ಬಿಸಿಯಿಂದ ಸೀಳುವುದನ್ನೇ ವಿದ್ಯೆ ಮಾಡಿಕೊಂಡವರು ನಮ್ಮ ಕಡೆಯವರು ಎಂಬುದನ್ನು ಮರೆಯಬಾರದು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಆ ಬೆಂಕಿಯನ್ನು ನಿಧಾನವಾಗಿ ಮುಂದೆ ಮುಂದೆ ಸರಿಸುತ್ತ, ಕೆಳಗಿನ ಬಂಡೆಯಿಂದ ಮೇಲಿನ ಪದರವನ್ನು ಚಪ್ಪಡಿಯಾಗಿ ಎಬ್ಬಿಸುವ ಕ್ರಮ ಬೆಂಗಳೂರಿನ ಸುತ್ತ ಇತ್ತು. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ‘ನೇಚರ್’ ಪತ್ರಿಕೆ ಅದನ್ನು ಬೆರಗಿನಿಂದ ವರದಿ ಮಾಡಿತ್ತು. ಕಾದ ಪದರ ಹಿಗ್ಗುತ್ತದೆ, ತಣ್ಣಗಿನ ಅಡಿ ಹಿಗ್ಗುವುದಿಲ್ಲ, ನಡುವೆ ಬಿರುಕು ಓಡುತ್ತದೆ. ಇವತ್ತು ತೆಳು ಗಾಜಿನ ಹಾಳೆಗಳನ್ನು ಲೇಸರಿನಿಂದ ಕಾಯಿಸಿ, ಹಿಂದೆಯೇ ತಂಪು ಚಿಮುಕಿಸಿ ಸೀಳುವ ಕಾರ್ಖಾನೆ ವಿಧಾನದ ತತ್ವ ಇದೇ.

ಕಾಲುವೆಗೆ ಬೇಕಾದದ್ದು ಬಿಸಿಯೇ ಹರಡದ ಲೇಸರ್. ಫೆಮ್ಟೊಸೆಕೆಂಡ್ ಲೇಸರ್ ಅಂಥದ್ದು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಅಂಥ ಕೆಲವು ನೂರು ಪಾಲಿನಷ್ಟು ಹೊತ್ತು ಮಾತ್ರ ಮಿಂಚುವ ಬೆಳಕು ಶಾಖ ಪಕ್ಕಕ್ಕೆ ಹರಿಯುವ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ಅಷ್ಟು ತೀವ್ರವಾದ ಬೆಳಕನ್ನು ಪಾರದರ್ಶಕ ಗಾಜೂ ನುಂಗುತ್ತದೆ, ಅದೂ ಕಿರಣ ಒಂದುಗೂಡುವ ಬಿಂದುವಿನಲ್ಲಿ ಮಾತ್ರ. ಹಾಗಾಗಿ ಮೇಲ್ಮೈ ಮುಟ್ಟದೆ ಗಾಜಿನ ಹೊಟ್ಟೆಯೊಳಗೇ ಜಾಡು ಬರೆಯಬಹುದು. ಆಮೇಲೆ ಆಮ್ಲದಲ್ಲಿ ಅದ್ದಿದರೆ ಲೇಸರ್ ತಾಗಿದ ಜಾಡು ಉಳಿದ ಗಾಜಿಗಿಂತ ಎಷ್ಟೋ ಪಟ್ಟು ಬೇಗ ಕರಗಿ ಸುರಂಗವಾಗುತ್ತದೆ. ಇಷ್ಟು ಚಿಕ್ಕ, ಇಷ್ಟು ತೀವ್ರ ಮಿಂಚು ಹುಟ್ಟಿಸುವ ದಾರಿ ತೋರಿಸಿದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮೂರು ಅವರಿಗೆ 2018ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕೊರತೆ ಒಂದೇ: ಚುಕ್ಕಿ ಚುಕ್ಕಿಯಾಗಿ ಬರೆಯಬೇಕು, ಹೊತ್ತಾಗುತ್ತದೆ.

ತಪ್ಪು ಕಲ್ಪನೆ: ಹಿಂದಿನವರಿಗೆ ಕಲ್ಲನ್ನು ಮೇಣದಂತೆ ಮೆತ್ತಗಾಗಿಸುವ ಸೊಪ್ಪಿನ ರಸ ಗೊತ್ತಿತ್ತು. ಬೇಲೂರಿನ ಕುಸುರಿ ಕೆಲಸ ಆ ರಸದಿಂದಲೇ ಆದದ್ದು. ಈಗಿನವರ ಆಮ್ಲ ಅದರ ನಕಲು.

ವಾಸ್ತವ: ಈ ಮಾತನ್ನು ಸುಮ್ಮನೆ ತಳ್ಳಿಹಾಕಿದರೆ ಹೇಳಿದವರಿಗೆ ಸಮಾಧಾನವಾಗದು. ಅವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಅಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಹೇಗೆ ಬಂತು? ಉತ್ತರ ಕಲ್ಲಿನಲ್ಲೇ ಇದೆ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಅದು ಉಳಿಗೆ ಸುಲಭವಾಗಿ ಒದಗುತ್ತದೆ, ಕಂಬಗಳನ್ನು ತಿರುಗಿಸಿ ಕಡೆಯುವಷ್ಟು. ಅದೇ ಶಿಲ್ಪಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಕೊಟ್ಟಿದ್ದರೆ ಮದನಿಕೆಯ ಸರದ ಮಣಿ ಎಣಿಸುವ ಹಾಗೆ ಬರುತ್ತಿರಲಿಲ್ಲ. ನಮ್ಮ ಕಡೆಯ ಗ್ರಾನೈಟ್ ಗುಡಿಗಳ ಕಂಬ ನೋಡಿದವರಿಗೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ.

ಇನ್ನು ಸೊಪ್ಪಿನ ರಸ. ನಿಂಬೆ, ಹುಣಸೆ, ಯಾವ ಎಲೆಯ ಹುಳಿಯೂ ಸುಣ್ಣಕಲ್ಲನ್ನು ಸ್ವಲ್ಪ ತಿನ್ನಬಹುದು. ಗ್ರಾನೈಟಿನ ಬೆಣಚನ್ನು, ಗಾಜಿನ ಸಿಲಿಕಾವನ್ನು ಅದು ಮುಟ್ಟುವುದಿಲ್ಲ. ಬಂಗಾರವನ್ನೇ ಕರಗಿಸುವ ರಾಜಾಮ್ಲವನ್ನು ಗಾಜಿನ ಪಾತ್ರೆಯಲ್ಲೇ ಇಡುತ್ತಾರೆ ಎಂದರೆ ಗಾಜು ಎಷ್ಟು ಮೊಂಡು ಎಂದು ತಿಳಿಯಬೇಕು. ಅದನ್ನು ಸಲೀಸಾಗಿ ಕರಗಿಸುವ ಆಮ್ಲ ಹೈಡ್ರೋಫ್ಲೋರಿಕ್ ಆಮ್ಲ. ಬಿಲ್ಲೆಗೆ ಕ್ರೋಮಿಯಂ, ಚಿನ್ನದ ತೆಳು ಪದರದ ಮುಸುಕು ಹಾಕಿ, ಕಾಲುವೆಯ ನಕ್ಷೆಯಷ್ಟು ತೆರೆದು ಈ ಆಮ್ಲದಲ್ಲಿ ಇಳಿಸಿದರೆ ನಿಮಿಷಕ್ಕೆ ಕೆಲವು ಮೈಕ್ರಾನಿನಂತೆ ಗಾಜು ಕರಗುತ್ತದೆ. ಬಲವಿಲ್ಲ, ಬಡಿತವಿಲ್ಲ, ಬಿರುಕೂ ಇಲ್ಲ. ಗಾಜಿನ ಚಿಪ್ಪುಗಳಲ್ಲಿ ದಶಕಗಳಿಂದ ನಡೆದುಬಂದ ರೂಢಿಯ ವಿಧಾನ ಇದೇ.

ಹಾಗೆಂದು ಆಮ್ಲ ನಾವು ಹೇಳಿದ ಕಡೆಗಷ್ಟೇ ಹೋಗುವುದಿಲ್ಲ. ಗಾಜಿನೊಳಗೆ ದಿಕ್ಕೆಂಬುದಿಲ್ಲ, ಆಮ್ಲ ಎಲ್ಲ ಕಡೆಗೂ ಸಮನಾಗಿ ತಿನ್ನುತ್ತದೆ. 50 ಮೈಕ್ರಾನ್ ಆಳಕ್ಕೆ ಇಳಿಯುವಷ್ಟರಲ್ಲಿ ಮುಸುಕಿನ ಅಡಿಯಲ್ಲಿ ಎರಡೂ ಪಕ್ಕಕ್ಕೆ ಸುಮಾರು 50 ಮೈಕ್ರಾನ್ ಕೊರೆದಿರುತ್ತದೆ. ಮುಸುಕಿನಲ್ಲಿ 10 ಮೈಕ್ರಾನಿನ ಸೀಳು ಬಿಟ್ಟಿದ್ದರೂ ಮೇಲ್ಭಾಗದಲ್ಲಿ ಕಾಲುವೆ 110 ಮೈಕ್ರಾನ್ ಅಗಲ. ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಲ ಚಪ್ಪಟೆ, ಗೋಡೆಗಳು ಬಾಣಲೆಯ ಅಂಚಿನಂತೆ ದುಂಡು. ಆಳವಾದ, ಕಿರಿದಾದ ಕಾಲುವೆ ಬೇಕೆಂದರೆ ಈ ದಾರಿ ಮುಚ್ಚಿದೆ.

ಸಿಲಿಕಾನಿನಲ್ಲಿ ಆ ದಾರಿ ತೆರೆದದ್ದು ಬಾಷ್ ವಿಧಾನ. ಬಿಡದಿಯಲ್ಲಿ ಬಾಷ್ ಕಾರ್ಖಾನೆ ಇರುವುದರಿಂದ ಇದು ಅಲ್ಲಿನ ಕೆಲಸವೆಂದು ನಮ್ಮ ಹುಡುಗರು ತಿಳಿಯುವುದುಂಟು. ಹೆಸರು ಬಂದದ್ದು 1990ರ ದಶಕದಲ್ಲಿ ಅದನ್ನು ರೂಪಿಸಿದ ಜರ್ಮನಿಯ ಮೂಲ ಕಂಪನಿಯಿಂದ. ಒಂದು ಅನಿಲದ ಪ್ಲಾಸ್ಮಾ ಕೆಲವು ಸೆಕೆಂಡು ಸಿಲಿಕಾನನ್ನು ತಿನ್ನುತ್ತದೆ, ಇನ್ನೊಂದು ಅನಿಲ ಗೋಡೆಗೆ ಲೇಪ ಹಚ್ಚಿ ಕಾಯುತ್ತದೆ. ಮತ್ತೆ ತಿನ್ನು, ಮತ್ತೆ ಲೇಪಿಸು. ಗೋಡೆ ಬಹುಮಟ್ಟಿಗೆ ನೇರ ಇಳಿಯುತ್ತದೆ.

ಹೈಡ್ರೋಫ್ಲೋರಿಕ್ ಆಮ್ಲದ ಬಗ್ಗೆ ಇನ್ನೊಂದು ಅಪಾಯದ ನಂಬಿಕೆಯಿದೆ: ಉರಿ ಬಂದರೆ ತಾನೇ ಗೊತ್ತಾಗುತ್ತದೆ, ಆಗ ತೊಳೆದರಾಯಿತು ಎಂದು. ದುರ್ಬಲ ದ್ರಾವಣ ಚರ್ಮಕ್ಕೆ ತಾಗಿದರೆ ಎಷ್ಟೋ ಗಂಟೆ ಉರಿಯೇ ಇರುವುದಿಲ್ಲ. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಮೂಳೆಗೂ ಹೃದಯಕ್ಕೂ ಕೇಡು. ತಕ್ಷಣ ಧಾರಾಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಓಡಬೇಕು. ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲೂ ಈ ಆಮ್ಲ ಇರುತ್ತದೆ, ಲೇಬಲ್ ಓದಿ ಮುಟ್ಟಿ. ಮನೆಯಲ್ಲಿ ಗಾಜು ಕೊರೆಯುವ ವಿಡಿಯೊ ನೋಡಿ ಇದನ್ನು ತರಿಸುವ ಯೋಚನೆ ಯಾರಿಗೂ ಬೇಡ.

ತಪ್ಪು ಕಲ್ಪನೆ: ವಿದ್ಯುತ್ ಹರಿಯದ ವಸ್ತುವನ್ನು ಕಿಡಿಯಿಂದ ಕೊರೆಯಲಾಗದು.

ವಾಸ್ತವ: ನೇರವಾಗಿ ಆಗದು, ಸುತ್ತಿ ಬಂದರೆ ಆಗುತ್ತದೆ. ಡೀಸೆಲ್ ಇಂಜೆಕ್ಟರಿನ ಮೂತಿಯ ಸಣ್ಣ ತೂತುಗಳನ್ನು ವಿದ್ಯುತ್ ಕಿಡಿಯಿಂದ ಕೊರೆಯುತ್ತಾರೆ. ಅಲ್ಲಿ ಲೋಹವೇ ಒಂದು ತಂತಿ. ಗಾಜಿಗೆ ಆ ಗುಣವಿಲ್ಲ. ಆದ್ದರಿಂದ ಗಾಜನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ, ಪಕ್ಕದಲ್ಲೇ ಸೂಜಿಯಂಥ ತಂತಿ ಇಟ್ಟು ಮೂವತ್ತು ನಲವತ್ತು ವೋಲ್ಟ್ ಕೊಡುತ್ತಾರೆ. ತಂತಿಯ ಸುತ್ತ ಗುಳ್ಳೆಗಳ ಪೊರೆ ಕಟ್ಟುತ್ತದೆ, ಪೊರೆಯೊಳಗೆ ಕಿಡಿ ಹಾರುತ್ತದೆ, ಆ ಬಿಸಿಗೆ ಕಾಸ್ಟಿಕ್ ಸೋಡಾ ಗಾಜನ್ನು ತಿನ್ನುತ್ತದೆ. ಜಪಾನಿನ ಇಬ್ಬರು ಸಂಶೋಧಕರು 1968ರಲ್ಲೇ ಇದನ್ನು ತೋರಿಸಿದ್ದರು.

ತಪ್ಪು ಕಲ್ಪನೆ: ಗಾಜು ಅಸಲಿಗೆ ದ್ರವ, ನಿಧಾನವಾಗಿ ಹರಿಯುತ್ತಿರುತ್ತದೆ. ಅಷ್ಟು ಸಣ್ಣ ಕಾಲುವೆ ಕೆಲವು ವರ್ಷಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ವಾಸ್ತವ: ಇಲ್ಲ. ಯುರೋಪಿನ ಹಳೆಯ ಇಗರ್ಜಿಗಳ ಕಿಟಕಿ ಗಾಜು ಕೆಳಗೆ ದಪ್ಪವಿರುವುದು ಅಂದಿನ ತಯಾರಿಕೆಯ ಏರುಪೇರಿನಿಂದ. ಕೋಣೆಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ಲೆಕ್ಕ ಹಾಕಿದವರಿದ್ದಾರೆ.

ತಪ್ಪು ಕಲ್ಪನೆ: ಇಷ್ಟೆಲ್ಲ ತಂತ್ರವಿದ್ದ ಮೇಲೆ ನಮ್ಮ ಗ್ರಾನೈಟಿನಲ್ಲೇ ಚಿಪ್ ಮಾಡಬಹುದು.

ವಾಸ್ತವ: ಆಸೆ ದೊಡ್ಡದು, ಕಲ್ಲು ಒಪ್ಪುವುದಿಲ್ಲ. ಪಾಲಿಶ್ ಮಾಡಿದ ಕ್ಲೋಸ್‌ಪೇಟೆ ಗ್ರಾನೈಟಿನ ಒಂದು ತುಂಡನ್ನು ಬಿಸಿಲಿಗೆ ಹಿಡಿದು ನೋಡಿ: ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಕೆಲವೆಡೆ ಬೆರಳ ತುದಿಯಷ್ಟು ದೊಡ್ಡವು, ನಡುವೆ ಬೂದು ಬೆಣಚು, ಅಲ್ಲಲ್ಲಿ ಕರಿ ಕಾಗೆಬಂಗಾರದ ಹೊಳಪು. 50 ಮೈಕ್ರಾನಿನ ಕಾಲುವೆ ಹತ್ತಿಪ್ಪತ್ತು ಮಿಲಿಮೀಟರ್ ಹೋಗುವಷ್ಟರಲ್ಲಿ ಮೂರು ಬಗೆಯ ಖನಿಜ ದಾಟಬೇಕು. ಒಂದು ಗಟ್ಟಿ, ಇನ್ನೊಂದು ಹರಳಿನ ಮುಖದಲ್ಲೇ ಸೀಳುತ್ತದೆ, ಮತ್ತೊಂದು ಈರುಳ್ಳಿ ಸಿಪ್ಪೆಯಂತೆ ಬಿಡುತ್ತದೆ. ಜೊತೆಗೆ ಬೆಳಕು ದಾಟದು, ಒಳಗೇನಾಗುತ್ತಿದೆ ಎಂದು ಕಾಣದು.

ತಪ್ಪು ಕಲ್ಪನೆ: ಕಾಲುವೆ ತೋಡಿದರೆ ಚಿಪ್ ಆಯಿತು.

ವಾಸ್ತವ: ಮುಚ್ಚಳ ಹಾಕದ ಕಾಲುವೆ ಬರೀ ಗೀರು. ಅಂಟು ಹಾಕಿದರೆ ಅದೇ ಕಾಲುವೆಗೆ ಹರಿದು ಕಟ್ಟಿಕೊಳ್ಳುತ್ತದೆ. ಗಾಜಿಗೆ ಗಾಜು ಕೂಡಿಸಲು ಎರಡನ್ನೂ ಕನ್ನಡಿಯಂತೆ ತೊಳೆದು, ಒಂದರ ಮೇಲೊಂದು ಇಟ್ಟು, 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಸಿಲಿಕಾನಿಗೆ ಗಾಜು ಕೂಡಿಸಲು 1969ರಲ್ಲಿ ಪ್ರಕಟವಾದ ಇನ್ನೊಂದು ದಾರಿಯಿದೆ: 300ರಿಂದ 450 ಡಿಗ್ರಿ ಶಾಖದಲ್ಲಿ ನೂರಾರು ವೋಲ್ಟ್ ಕೊಟ್ಟರೆ ಗಾಜಿನೊಳಗಿನ ಸೋಡಿಯಂ ಸರಿದು ಎರಡೂ ಮೈ ಕಚ್ಚಿಕೊಳ್ಳುತ್ತವೆ. ನಡುವೆ ಒಂದು ದೂಳಿನ ಕಣ ಸಿಕ್ಕಿದರೂ ಅದರ ಸುತ್ತ ಅಂಟದ ಉಂಗುರ ಉಳಿದು ಚಿಪ್ ಸೋರುತ್ತದೆ. ಈ ಕೆಲಸಕ್ಕೆ ಶುದ್ಧ ಕೋಣೆ ಬೇಕಾಗುವುದು ಅದಕ್ಕೇ.

ಇಂಥ ಕೋಣೆ ವಿದೇಶದಲ್ಲಷ್ಟೇ ಇರುವುದೆಂದೂ ಕೆಲವರು ತಿಳಿದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇದೆ. ಕೇಂದ್ರ ಸರ್ಕಾರದ ನೆರವಿನ ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಅಡಿಯಲ್ಲಿ ಬೇರೆ ಕಾಲೇಜುಗಳವರೂ ಅಲ್ಲಿ ತರಬೇತಿ, ಕೆಲಸಕ್ಕೆ ಅರ್ಜಿ ಹಾಕಲು ದಾರಿಯಾಯಿತು. ರಾಮನಗರದ, ಕನಕಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ವಿಚಾರಿಸಬೇಕು.

ತಪ್ಪು ಕಲ್ಪನೆ: ಕಲ್ಲಿನ ದೂಳು ಕುಡಿದರೂ ಪರವಾಗಿಲ್ಲ, ಸಂಜೆ ಒಂದು ಉಂಡೆ ಬೆಲ್ಲ ತಿಂದರೆ ಇಳಿದುಹೋಗುತ್ತದೆ. ಕೆಲವರ ಪ್ರಕಾರ ಬೆಲ್ಲದ ಬದಲು ಬಾಳೆಹಣ್ಣು, ಇನ್ನು ಕೆಲವರ ಪ್ರಕಾರ ಒಂದು ಕ್ವಾರ್ಟರ್.

ವಾಸ್ತವ: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ದೂಳು ಶ್ವಾಸಕೋಶದಲ್ಲಿ ಕೂರುತ್ತದೆ. ಎರಡೂ ಒಂದನ್ನೊಂದು ಭೇಟಿ ಮಾಡುವುದಿಲ್ಲ. ಗಂಟಲು ಒಣಗಿದ್ದಕ್ಕೆ ಬೆಲ್ಲದಿಂದ ಹಿತವಾಗುತ್ತದೆ, ಅಷ್ಟೇ. ಗ್ರಾನೈಟಿನಲ್ಲಿ ನಾಲ್ಕನೇ ಒಂದು ಪಾಲಿನ ಆಸುಪಾಸು ಬೆಣಚು, ಅಂದರೆ ಹರಳುಗಟ್ಟಿದ ಸಿಲಿಕಾ. ಕಣ್ಣಿಗೆ ಕಾಣುವ ದೂಳು ಮೂಗು, ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ, ಐದು ಮೈಕ್ರಾನಿಗಿಂತ ಸಣ್ಣ ಕಣ. ಪೆಡಸು ವಸ್ತುವನ್ನು ಒಣಗಿದ್ದಾಗ ಉಜ್ಜಿದರೆ ಅಂಥವು ಹೇರಳ. ಅವು ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಸೇರಿ ಅಲ್ಲಿ ಗಾಯದ ಕಲೆ ಕಟ್ಟಿಸುತ್ತವೆ. ಸಿಲಿಕೋಸಿಸ್ ಎನ್ನುವ ಈ ಕಾಯಿಲೆಗೆ ಗುಣಪಡಿಸುವ ಔಷಧಿಯಿಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು, ಕ್ಷಯ ಅಂಟುವ ಅಪಾಯವನ್ನೂ ಹೆಚ್ಚಿಸುತ್ತದೆ. ಹರಳುಗಟ್ಟಿದ ಸಿಲಿಕಾದ ದೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಪಟ್ಟಿ ಮಾಡಿದೆ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೂ ಸಿಲಿಕೋಸಿಸ್ ಇತ್ತು. ಪತ್ತೆಯಾದರೆ ವರದಿ ಮಾಡಲೇಬೇಕು.

ಬಾಯಿಗೆ ಕಟ್ಟಿದ ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ. ಅದರ ಎಳೆಗಳ ನಡುವಿನ ಸಂದು ಕಣಕ್ಕಿಂತ ಎಷ್ಟೋ ದೊಡ್ಡದು. ಅಡುಗೆಮನೆಗೆ ಗ್ರಾನೈಟ್ ಹಾಕಿಸುವವರು ಅಂಗಳದಲ್ಲಿ ಒಣ ಗ್ರೈಂಡರ್ ಓಡಿಸಲು ಬಿಡಬೇಡಿ, ಬಿಲ್ಲೆಗೆ ನೀರು ಬಿಟ್ಟೇ ಕತ್ತರಿಸಿ ಎಂದು ಹೇಳಿ. ಕಲ್ಲಿನ ಕೆಲಸ ಮಾಡುವವರು ಸಣ್ಣ ಕಣ ತಡೆಯುವ ಎನ್-95 ಮುಖಗವಸು ಹಾಕಿ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ. ಕೆಮ್ಮೆಂದು ಆಸ್ಪತ್ರೆಗೆ ಹೋದಾಗ ಎಷ್ಟು ವರ್ಷದಿಂದ ಕಲ್ಲು ಕತ್ತರಿಸುತ್ತಿದ್ದೀರೆಂದು ಡಾಕ್ಟರಿಗೆ ಮೊದಲೇ ಹೇಳಿ. ಹೇಳದಿದ್ದರೆ ಎಕ್ಸ್‌ರೇಯ ಕಲೆಯನ್ನು ಬರೀ ಕ್ಷಯವೆಂದುಕೊಳ್ಳುವ ಸಂಭವ ಉಂಟು.